ಸೋಮವಾರ ಟೆಂಡರ್, ಭಾನುವಾರ ರಾತ್ರಿ ಅಪ್‌ಡೇಟ್?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಾವು ಮೂವರು ಸೇರಿ ದಲಾಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿದ್ದೇವೆ. ಬ್ಯಾಡಗಿಯ 60 ಮೆಣಸಿನಕಾಯಿ ಅಂಗಡಿಯವರು ಬಳಸುತ್ತಾರೆ, ಎಲ್ಲರ ಲೆಕ್ಕವೂ ಕೂಡಿಡೋದು ಒಂದೇ ಡೇಟಾಬೇಸ್‌ನಲ್ಲಿ. ಹೊಸ ಆವೃತ್ತಿ ರೆಡಿ ಇದೆ. ಭಾನುವಾರ ರಾತ್ರಿ ಎಲ್ಲರಿಗೂ ಒಟ್ಟಿಗೇ ಹಾಕಿ ಮುಗಿಸೋಣ ಅಂತ ಒಬ್ಬ, ನಾಲ್ಕು ನಾಲ್ಕು ಅಂಗಡಿಯಂತೆ ಹಾಕೋಣ ಅಂತ ಇನ್ನೊಬ್ಬ. ಯಾವುದು ಸರಿ ಸರ್?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಅಲ್ರೀ, ಭಾನುವಾರ ರಾತ್ರಿನಾ? ಮರುದಿನ ಬ್ಯಾಡಗಿಯಲ್ಲಿ ಟೆಂಡರ್! ತೂಕ ಮುಗಿಸಿದ ರೈತರು ಪಟ್ಟಿಗೆ ಕಾಯುತ್ತಾ ನಿಂತಿರುವಾಗ ಹಮಾಲಿ ಲೆಕ್ಕ ತಪ್ಪಿತು ಅನ್ನಿ, 60 ಅಂಗಡಿಯಲ್ಲೂ ಒಂದೇ ಹೊತ್ತಿಗೆ ಜಗಳ, ಎತ್ತೋಕೆ ನಿಮ್ಮ ಹತ್ತಿರ ಮೂರೇ ಫೋನು.

ನಾನು ನಾಲ್ಕು ನಾಲ್ಕರ ಕಡೆ. 2024ರ ಜುಲೈ 19 ನೆನಪಿದೆಯಾ? ಕಂಪ್ಯೂಟರ್ ಭದ್ರತೆಯ ಕ್ರೌಡ್‌ಸ್ಟ್ರೈಕ್ ಕಂಪನಿ ಒಂದು ಅಪ್‌ಡೇಟನ್ನು ಎಲ್ಲರಿಗೂ ಒಟ್ಟಿಗೇ ಕಳಿಸಿತು, ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್ ನಿಂತವು. 78 ನಿಮಿಷದಲ್ಲಿ ಹಿಂದೆ ತೆಗೆದುಕೊಂಡರು. ಆದರೆ ನಿಂತ ಯಂತ್ರಗಳನ್ನು ಜನ ಒಂದೊಂದಾಗಿ ಕೈಯಿಂದಲೇ ಎಬ್ಬಿಸಬೇಕಾಯಿತು.

ಹಾಗಂತ ಮೊದಲ ನಾಲ್ಕಕ್ಕೆ ಸುಮ್ನೆ ಪರಿಚಯದ ಸಣ್ಣ ಅಂಗಡಿಗಳನ್ನೇ ಆರಿಸಬೇಡಿ. ದಿನಕ್ಕೆ ಹತ್ತು ಚೀಲ ಬರುವಲ್ಲಿ ಯಾವ ತಪ್ಪೂ ಕಾಣೋದಿಲ್ಲ. ಜಾಸ್ತಿ ಚೀಲ ಬರುವ, ಬೈದರೂ ಫೋನ್ ಮಾಡಿ ಹೇಳುವ ಒಂದು ದೊಡ್ಡ ಅಂಗಡಿ ಅದರಲ್ಲಿ ಇರಲಿ. ಗುರುವಾರದ ವ್ಯಾಪಾರ ಮುಗಿದ ಮೇಲೆ ಹಾಕಿ, ಶುಕ್ರವಾರ ಶನಿವಾರ ನೋಡಿ, ಸೋಮವಾರದ ಪೂರ್ತಿ ಟೆಂಡರ್ ದಾಟಲಿ. ಆಮೇಲೆ ಮುಂದಿನವರು.

ನಿಮ್ಮ ನಿಜವಾದ ತಲೆನೋವು ಡೇಟಾಬೇಸ್. ನಾಲ್ಕು ಅಂಗಡಿ ಹೊಸದರಲ್ಲಿ, 56 ಹಳೆಯದರಲ್ಲಿ, ಬರೆಯೋದು ಮಾತ್ರ ಒಂದೇ ಕಡೆ. ಹೊಸ ಆವೃತ್ತಿಯಲ್ಲಿ 'ತೂಕ' ಅನ್ನೋ ಕಾಲಂ ತೆಗೆದು 'ಒಟ್ಟು ತೂಕ', 'ನಿವ್ವಳ ತೂಕ' ಅಂತ ಎರಡು ಮಾಡಿದ್ದರೆ, ಹಳೆಯದು ಆ ಕ್ಷಣವೇ ಮಗುಚಿ ಬೀಳುತ್ತದೆ, ಅಲ್ವಾ? ಅದಕ್ಕೆ ಮೊದಲು ಹೊಸ ಕಾಲಂ ಸೇರಿಸಿ, ಹಳೆಯದನ್ನು ಮುಟ್ಟಬೇಡಿ. ಹೊಸ ಆವೃತ್ತಿ ಎರಡೂ ಕಡೆ ಬರೆಯಲಿ. ಕೊನೆಯ ಅಂಗಡಿಯೂ ಬದಲಾಗಿ, ಹಳೇ ಲೆಕ್ಕ ಹೊಸ ಕಾಲಂಗೆ ಬಂದು, ಒಂದೆರಡು ವಾರ ಕಳೆದ ಮೇಲೆ ಹಳೇ ಕಾಲಂಗೆ ಬರೆಯೋದು ನಿಲ್ಲಿಸಿ, ಆಮೇಲೆ ಅದನ್ನು ಅಳಿಸಿ. ಬೇಜಾರಿನ ಕೆಲಸ, ಒಪ್ಪುತ್ತೇನೆ. ನಾನು ಒಮ್ಮೆ ಗದಗದ ಅಂಗಡಿಯೊಂದರಲ್ಲಿ ಇದನ್ನು ಬಿಟ್ಟು, ರಾತ್ರಿಯಿಡೀ ಪಟ್ಟಿಗಳನ್ನು ಕೈಯಲ್ಲಿ ಬರೆದವನು.

ಇನ್ನು ಅರ್ಧಂಬರ್ಧ ಹಾಕಿ ಮರೆತರೆ ಒಟ್ಟಿಗೆ ಹಾಕಿದ್ದಕ್ಕಿಂತ ಕೆಟ್ಟದು. 2012ರ ಆಗಸ್ಟ್ 1ರಂದು ಅಮೆರಿಕದ ಶೇರು ವ್ಯಾಪಾರದ ನೈಟ್ ಕ್ಯಾಪಿಟಲ್ 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಜಾಸ್ತಿ ಕಳೆದುಕೊಂಡಿತು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹಾಕೋದು ಮರೆತಿದ್ದರು. ಗಾಬರಿಯಲ್ಲಿ ಉಳಿದ ಏಳರಿಂದಲೂ ಹೊಸದನ್ನು ತೆಗೆದರು, ನಷ್ಟ ಇನ್ನೂ ಜೋರಾಯಿತು. ಯಾವ ಅಂಗಡಿ ಯಾವ ಆವೃತ್ತಿಯಲ್ಲಿದೆ ಅಂತ ಒಂದೇ ಪರದೆಯಲ್ಲಿ ಕಾಣುವಂತೆ ಮಾಡಿಕೊಳ್ಳಿ. ಅಂಗಡಿಯನ್ನು ಹಳೇ ಆವೃತ್ತಿಗೆ ಹಿಂದಕ್ಕೆ ತರೋದನ್ನೂ ಮೊದಲೇ ಒಮ್ಮೆ ಮಾಡಿ ನೋಡಿ.

ನಿಮ್ಮ ಒಟ್ಟಿಗೇ ಹಾಕುವ ಗೆಳೆಯ ಪೂರಾ ತಪ್ಪಲ್ಲ. 1967ರ ಸೆಪ್ಟೆಂಬರ್ 3ರಂದು ಸ್ವೀಡನ್ ಎಡಗಡೆ ಓಡಿಸೋದು ಬಿಟ್ಟು ಬಲಕ್ಕೆ ಬಂತು. ಮೊದಲು ಲಾರಿ, ಆಮೇಲೆ ಕಾರು ಅನ್ನೋಕಾಗುತ್ತಾ? ಮಾರುಕಟ್ಟೆ ಶುಲ್ಕದ ದರ ಬದಲಾದರೂ ಹಾಗೇ, ಆ ದಿನದಿಂದ 60 ಅಂಗಡಿಗೂ ಒಂದೇ ದರ. ಆದರೆ ಆ ಕೋಡನ್ನು ಮುಂಚೆಯೇ ಸ್ವಲ್ಪ ಸ್ವಲ್ಪವಾಗಿ ಎಲ್ಲ ಕಡೆ ಹಾಕಿ, ಸ್ವಿಚ್ ಆಫ್ ಇಟ್ಟು, ಆ ದಿನ ಆನ್ ಮಾಡಬಹುದು.

ಪ್ರಶ್ನೆ: ಹೀಗೆ ಕೆಲವರಿಗೆ ಮಾತ್ರ ಮೊದಲು ಹಾಕೋದಕ್ಕೆ 'ಕ್ಯಾನರಿ' ಅಂತಾರಲ್ಲ, ಯಾಕೆ?
– ಓದುಗರು, ಹಾವೇರಿ

ಉತ್ತರ: ಅದೊಂದು ಹಕ್ಕಿ. ಕಲ್ಲಿದ್ದಲು ಗಣಿಗೆ ಪಂಜರದಲ್ಲಿ ಒಯ್ಯುತ್ತಿದ್ದರು. ವಿಷದ ಗಾಳಿ ಇದ್ದರೆ ಮನುಷ್ಯನಿಗಿಂತ ಮೊದಲು ಅದು ಬೀಳುತ್ತಿತ್ತು. ಬ್ರಿಟನ್ನಿನಲ್ಲಿ 1986ರವರೆಗೂ ಈ ಪದ್ಧತಿ ಇತ್ತು. ಮೇಲಿನ ನಾಲ್ಕು ಅಂಗಡಿಯವರಿಗೆ ಈ ಕಥೆ ಮಾತ್ರ ಹೇಳಬೇಡಿ.