ಸಂಪಾದಕರ ಉತ್ತರ: ಒಂಬತ್ತೂವರೆಗೇ ಮಲಗುವುದನ್ನು ಮೊದಲು ಬಿಡಿ

ತಿಪಟೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: ‘ಸಾಲದ ಎರಡು ಕಂತು ಬಾಕಿ ಬಿದ್ದಾಗಿನಿಂದ ನಿದ್ದೆ ಕೆಟ್ಟಿದೆ. ಹೇಗಾದರೂ ಬರಲಿ ಎಂದು ಒಂಬತ್ತೂವರೆಗೇ ಮಲಗುತ್ತೇನೆ, ಒಂದು ಗಂಟೆವರೆಗೂ ಹೊರಳಾಟ. ಏಳುವುದು ಆರೂವರೆಗೆ, ಭಾನುವಾರ ಒಂಬತ್ತಕ್ಕೆ. ಷಡ್ಡಕರು ತಾವು ನುಂಗುವ ಮಾತ್ರೆ ಕೊಟ್ಟರು, ಮೂರು ರಾತ್ರಿ ತೆಗೆದುಕೊಂಡೆ. ಅಭ್ಯಾಸವಾಗಿಬಿಟ್ಟರೆ ಎಂಬ ಭಯ. ಮಾತ್ರೆ ಇಲ್ಲದೆ ಏನಾದರೂ ದಾರಿ ಇದೆಯೇ? ಗಸಗಸೆ ಪಾಯಸ ಕುಡಿದರೆ ಆದೀತೇ?’

ದಾರಿ ಇದೆ. ಆದರೆ ಅದು ತಡವಾಗಿ ಮಲಗುವ ದಾರಿ. ನಿಮ್ಮದೇ ಲೆಕ್ಕ ನೋಡಿ: ಹಾಸಿಗೆಯಲ್ಲಿ ಒಂಬತ್ತು ಗಂಟೆ, ನಿದ್ದೆ ಐದೂವರೆ. ಮಿಕ್ಕ ಮೂರೂವರೆ ಗಂಟೆ ಕತ್ತಲಲ್ಲಿ ಕಂತಿನ ಚಿಂತೆ. ಇದು ವಾರಗಟ್ಟಲೆ ನಡೆದರೆ ದಿಂಬಿಗೆ ತಲೆ ಇಟ್ಟರೆ ಸಾಕು, ಮನಸ್ಸು ಖಾತೆ ಪುಸ್ತಕ ತೆರೆದುಕೊಳ್ಳುತ್ತದೆ. ಟಿವಿ ಮುಂದೆ ಕುರ್ಚಿಯಲ್ಲೇ ತೂಕಡಿಸಿದವರಿಗೆ ಹಾಸಿಗೆಗೆ ಹೋದೊಡನೆ ಕಣ್ಣು ಬಿಟ್ಟುಕೊಳ್ಳುವುದೂ ಇದರಿಂದಲೇ.

ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡಿಕೊಳ್ಳುತ್ತಾ ಹೋಗುತ್ತದೆ. ನಿದ್ದೆಯ ಹಸಿವು ಹೆಚ್ಚುವುದು ಹೀಗೆ. ಒತ್ತಡದಲ್ಲಿ ಮೈ ಎಚ್ಚರಿಕೆಯ ಸ್ಥಿತಿಯಲ್ಲೇ ಇರುತ್ತದೆ, ಎದೆಬಡಿತ ಇಳಿಯುವುದಿಲ್ಲ. ಅದನ್ನು ಮೀರಲು ಈ ಹಸಿವು ಜೋರಾಗಿರಬೇಕು. ಭಾನುವಾರ ಒಂಬತ್ತರವರೆಗೆ ಮಲಗಿ ನೀವು ಅದನ್ನೇ ಕೊಲ್ಲುತ್ತಿದ್ದೀರಿ. ಆ ರಾತ್ರಿ ಹೆಚ್ಚು ಹೊರಳಾಡುತ್ತೀರೋ ಇಲ್ಲವೋ, ನೆನಪು ಮಾಡಿಕೊಳ್ಳಿ.

ಆದ್ದರಿಂದ ಏಳುವ ಹೊತ್ತು ವಾರದ ಏಳೂ ದಿನ ಆರೂವರೆ. ನಿದ್ದೆ ಹೇಗೇ ಆಗಿರಲಿ, ಇದು ಕದಲಬಾರದು. ಮಲಗುವುದು ಸದ್ಯಕ್ಕೆ ಹನ್ನೆರಡೂವರೆಗೆ. ಅಂದರೆ ಹಾಸಿಗೆಗೆ ಆರೇ ಗಂಟೆ. ಹಗಲು ನಿದ್ದೆ ಬೇಡ. ಬೆಳಿಗ್ಗೆ ಎದ್ದ ಮೇಲೆ ಅಂದಾಜಿನಲ್ಲಿ ಎಷ್ಟು ನಿದ್ದೆಯಾಯಿತೆಂದು ಬರೆದಿಡಿ. ವಾರದ ಸರಾಸರಿ ಐದು ಗಂಟೆ ದಾಟಿದರೆ, ಅಂದರೆ ಹಾಸಿಗೆಯ ಹೊತ್ತಿನ ಶೇ. 85ರಷ್ಟಾದರೆ, 15 ನಿಮಿಷ ಬೇಗ, ಅಂದರೆ ಹನ್ನೆರಡೂಕಾಲಿಗೆ ಮಲಗಿ. ಮುಂದಿನ ವಾರ ಇನ್ನೊಂದು 15. ಹೆಚ್ಚಿನವರು ಸೋಲುವುದು ಇಲ್ಲೇ: ನಾಲ್ಕು ದಿನ ಚೆನ್ನಾಗಿ ನಿದ್ದೆ ಬಂತೆಂದು ಐದನೇ ದಿನ ಹತ್ತಕ್ಕೇ ಮಲಗುತ್ತಾರೆ. ಮೊದಲ ವಾರ ಹಗಲಲ್ಲಿ ಮಂಕು ಕವಿಯುತ್ತದೆ, ಆಗ ದೂರದ ವಾಹನ ಚಾಲನೆ ಬೇಡ. ಮೂರ್ಛೆರೋಗ ಅಥವಾ ಬೈಪೋಲಾರ್ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಲೇಬಾರದು.

ಇದು ನಮ್ಮ ಕಲ್ಪನೆಯಲ್ಲ. ನಿದ್ದೆಗೆ ಅಡ್ಡಬರುವ ಆಲೋಚನೆ, ಅಭ್ಯಾಸಗಳನ್ನು ಬದಲಿಸುವ ಸಿಬಿಟಿ-ಐ ಎಂಬ ಚಿಕಿತ್ಸೆಯ ಒಂದು ಭಾಗ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕೆಂದು ಅಮೆರಿಕದ ವೈದ್ಯರ ಸಂಘಟನೆ ಎಸಿಪಿ 2016ರಲ್ಲಿ ಶಿಫಾರಸು ಮಾಡಿತು.

ಹನ್ನೆರಡೂವರೆಗೆ ಮಲಗಿಯೂ ನಿದ್ದೆ ಬಾರದಿದ್ದರೆ? ಸುಮಾರು ಇಪ್ಪತ್ತು ನಿಮಿಷ ಆಯಿತೆನ್ನಿಸಿದಾಗ ಎದ್ದು ಹೊರಗೆ ಬನ್ನಿ. ‘ಎನ್ನಿಸಿದಾಗ’ ಅಂದದ್ದು ಬೇಕೆಂದೇ. ಗಡಿಯಾರ ನೋಡಿದರೆ ‘ಇನ್ನು ನಾಲ್ಕೇ ಗಂಟೆ’ ಎಂಬ ಲೆಕ್ಕ ಶುರುವಾಗಿ ಎದೆ ಹೊಡೆದುಕೊಳ್ಳುತ್ತದೆ. ಅಲಾರಾಂ ಇಟ್ಟ ಮೊಬೈಲು ಕೈಗೆ ಸಿಗದಷ್ಟು ದೂರವಿರಲಿ. ಹೊರಗೆ ಮಂದ ದೀಪದಲ್ಲಿ ಕೂತು ಬೇಸರದ ಕೆಲಸ ಮಾಡಿ: ಕಡಲೆಕಾಯಿ ಸುಲಿಯಿರಿ, ಒಗೆದ ಬಟ್ಟೆ ಮಡಿಚಿ, ಅವರೆ ಕಾಲವಾದರೆ ನೆನೆಸಿದ ಕಾಳು ಹಿಚುಕಿ. (ಮನೆಯವರಿಗೂ ಉಪಕಾರ.) ಬಿಲ್ಲು ಪುಸ್ತಕ ಮಾತ್ರ ಬೇಡ. ರೆಪ್ಪೆ ಭಾರವಾದಾಗ ಹಾಸಿಗೆಗೆ ಹೋಗಿ. ಒಂದೇ ರಾತ್ರಿ ಮೂರು ಸಲ ಏಳಬೇಕಾಗಿ ಬಂದರೆ ಮೂರೂ ಸಲ ಏಳಿ.

ಚಿಂತೆಗೆ ಬೇರೆ ಹೊತ್ತು ಕೊಡಬೇಕು. ಸಂಜೆ ಅಂಗಡಿಯ ಶಟರ್ ಎಳೆಯುವ ಮುಂಚೆ ಹದಿನೈದು ನಿಮಿಷ ಕೂತು, ಹಾಳೆಯ ಎಡಕ್ಕೆ ಚಿಂತೆ, ಬಲಕ್ಕೆ ನಾಳೆ ಮಾಡುವ ಒಂದೇ ಕೆಲಸ ಬರೆಯಿರಿ. ‘ಎರಡು ಕಂತು ಬಾಕಿ’ ಎಂಬುದರ ಎದುರಿಗೆ ‘ನಾಳೆ 11ಕ್ಕೆ ಬ್ಯಾಂಕಿಗೆ ಹೋಗಿ ಕಂತಿನ ಅವಧಿ ಹೆಚ್ಚಿಸಲು ಕೇಳುವುದು’ ಎಂದಿರಬೇಕು. ‘ದುಡ್ಡು ಹೊಂದಿಸಬೇಕು’ ಎಂದು ಬರೆದರೆ ಉಪಯೋಗವಿಲ್ಲ, ಅದು ಎಡಗಡೆಯದೇ ಇನ್ನೊಂದು ಚಿಂತೆ. ಹಾಳೆಯನ್ನು ಗಲ್ಲಾಪೆಟ್ಟಿಗೆಯಲ್ಲೇ ಬಿಟ್ಟು ಬನ್ನಿ.

ಮಲಗಿದ ಮೇಲೆ ಮೈ ಸಡಿಲಿಸುವ ವ್ಯಾಯಾಮ ಮಾಡಬಹುದು. ಪಾದ, ಮೀನಖಂಡ, ತೊಡೆ, ಮುಷ್ಟಿ, ಹೆಗಲು, ಹಣೆ. ಈ ಕ್ರಮದಲ್ಲಿ ಒಂದೊಂದನ್ನೂ ಐದು ಸೆಕೆಂಡು ಬಿಗಿಹಿಡಿದು, ಇಪ್ಪತ್ತು ಸೆಕೆಂಡು ಬಿಟ್ಟುಬಿಡಿ. ಅರ್ಧ ಬಲ ಸಾಕು, ಮೀನಖಂಡವನ್ನು ಜೋರಾಗಿ ಬಿಗಿದರೆ ಸೆಳೆತ ಹಿಡಿಯುತ್ತದೆ. ನಡುನಡುವೆ ‘ನಿದ್ದೆ ಬಂತೇ’ ಎಂದು ನೋಡಿಕೊಂಡರೆ ಮಾಡಿದ್ದೆಲ್ಲ ವ್ಯರ್ಥ.

ಕಾಫಿ ಮಧ್ಯಾಹ್ನ ಊಟದ ಹೊತ್ತಿಗೆ ಮುಗಿಯಲಿ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಲೋಟದ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ಚಹಾಕ್ಕೂ ಇದೇ ಮಾತು. ಒಂದು ಪೆಗ್ ಹಾಕಿದರೆ ಬೇಗ ನಿದ್ದೆ ಬರುವುದು ನಿಜ, ನಡುರಾತ್ರಿ ಎಬ್ಬಿಸುವುದೂ ಅದೇ. ಇನ್ನು ಪಾಯಸ: ಹಬ್ಬದ ದಿನದ ಜೊಂಪಿನಲ್ಲಿ ಹೋಳಿಗೆ, ಚಿತ್ರಾನ್ನಗಳ ಪಾಲೂ ಇದೆ. ರುಚಿಗೆ ಕುಡಿಯಿರಿ, ಮದ್ದೆಂದು ದಿನಾ ಬೇಡ.

ಷಡ್ಡಕರ ಮಾತ್ರೆಯನ್ನು ವಾಪಸು ಕೊಡಿ. ಮೂರು ರಾತ್ರಿಗೆ ಅಭ್ಯಾಸ ಹತ್ತಿರುವ ಸಾಧ್ಯತೆ ತೀರಾ ಕಡಿಮೆ. ಆದರೆ ಆಲ್ಪ್ರಜೋಲಂ, ಕ್ಲೋನಜೆಪಾಂ ಜಾತಿಯ ಮಾತ್ರೆಗಳನ್ನು ವಾರಗಟ್ಟಲೆ ನುಂಗುತ್ತಿರುವವರು ಈ ಉತ್ತರ ಓದಿ ದಿಢೀರನೆ ನಿಲ್ಲಿಸಬೇಡಿ. ನಡುಕ, ಫಿಟ್ಸ್ ಬರಬಹುದು. ಬರೆದುಕೊಟ್ಟ ವೈದ್ಯರ ಮೂಲಕವೇ ಹಂತಹಂತವಾಗಿ ಇಳಿಸಬೇಕು.

ವಾರದಲ್ಲಿ ಮೂರು ರಾತ್ರಿಯಂತೆ ಮೂರು ತಿಂಗಳು ಹೀಗೇ ಮುಂದುವರಿದರೆ ವೈದ್ಯರನ್ನು ಕಾಣಿ. ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಬದುಕೇ ಬೇಡವೆನ್ನಿಸಿದರೆ ಅಷ್ಟು ಕಾಯಬೇಡಿ. ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮತ್ತೊಂದು, ನೀವು ಗೊರಕೆಯ ವಿಷಯ ಬರೆದಿಲ್ಲ. ನಿದ್ದೆಯಲ್ಲಿ ಉಸಿರು ನಿಂತು, ಆಮೇಲೆ ಏದುಸಿರಿನೊಂದಿಗೆ ಶುರುವಾಗುತ್ತದೆಯೇ ಎಂದು ಮನೆಯವರನ್ನು ಕೇಳಿ. ಹೌದೆಂದರೆ ಮೇಲಿನ ಕ್ರಮವನ್ನು ಬದಿಗಿಟ್ಟು ಮೊದಲು ಅದರ ತಪಾಸಣೆ ಮಾಡಿಸಿ.