15 ಇಂಚಿನ ವೀಲ್ ಹಾಕಿದರೆ ಸ್ವಿಫ್ಟ್ ಎತ್ತರ ಆಗುತ್ತಾ?

ಸಾರ್, ಚಿಕ್ಕಬಳ್ಳಾಪುರದ ಹಳ್ಳಿ ರಸ್ತೆ ಹಂಪ್‌ಗಳಿಗೆ ಕಾರಿನ ಅಡಿ ತಾಗುತ್ತೆ, 14 ತೆಗೆದು 15 ಇಂಚಿನ ವೀಲ್ ಹಾಕಿಸಲಾ ಅಂತ ಕೇಳಿದ್ದೀರಿ. ಬರೀ ರಿಮ್ ದೊಡ್ಡದಾದರೆ ಎತ್ತರ ಬರಲ್ಲ. ಟೈರ್ ಸೇರಿ ಒಟ್ಟು ವ್ಯಾಸ ನೋಡಬೇಕು. ನಿಮ್ಮ ಟೈರ್ 165/80 ಆರ್14 (ಅಗಲ 165 ಮಿ.ಮೀ., ಪಕ್ಕದ ಗೋಡೆ ಅದರ ಶೇ 80, ರಿಮ್ 14 ಇಂಚು), ಒಟ್ಟು ವ್ಯಾಸ ಸುಮಾರು 620 ಮಿ.ಮೀ. 185/65 ಆರ್15 ಹಾಕಿದರೆ 621.5. ಆ ವ್ಯತ್ಯಾಸದಲ್ಲೂ ಅರ್ಧ ಮಾತ್ರ ಎತ್ತರಕ್ಕೆ ಸೇರುತ್ತದೆ, ಅಂದರೆ 1 ಮಿ.ಮೀ. ಕೂಡ ಇಲ್ಲ! ಮೇಲಾಗಿ ಟೈರಿನ ಪಕ್ಕದ ಗೋಡೆ 132ರಿಂದ 120 ಮಿ.ಮೀ.ಗೆ ಇಳಿಯುತ್ತದೆ, ಗುಂಡಿಯಲ್ಲಿ ರಿಮ್‌ಗೆ ಏಟು ಜಾಸ್ತಿ. 185/70 ಆರ್15 ಆದರೆ 640, ಕಾರು 10 ಮಿ.ಮೀ. ಏರುತ್ತದೆ. ಆದರೆ ಸ್ಪೀಡೋಮೀಟರ್ ಈಗಿನದಕ್ಕಿಂತ ಸುಮಾರು ಶೇ 3ರಷ್ಟು ಕಡಿಮೆ ತೋರಿಸುತ್ತದೆ. ಹಿಂದೆ ಮೂವರನ್ನು ಕೂರಿಸಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ, ಟೈರ್ ಎಲ್ಲಾದರೂ ಉಜ್ಜುತ್ತದಾ ನೋಡಿ. ನಾನಾದರೆ ಮೊದಲು ಸಸ್ಪೆನ್ಷನ್ ಸ್ಪ್ರಿಂಗ್ ಕುಸಿದು ಕಾರು ತಗ್ಗಿದೆಯಾ ಅಂತ ಚೆಕ್ ಮಾಡಿಸುತ್ತೇನೆ.