ಮೀಡಿಯಂ ಫಾರ್ಮ್ಯಾಟ್‌ನಲ್ಲಿ ಶಿಫ್ಟ್ ಎಷ್ಟು ಸಿಗುತ್ತದೆ?

ಪ್ರಶ್ನೆ: ಮೀಡಿಯಂ ಫಾರ್ಮ್ಯಾಟ್, ಅಂದರೆ ದೊಡ್ಡ ಸೆನ್ಸರಿನ, ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್ ಕ್ಯಾಮೆರಾಕ್ಕೆ ಅಡಾಪ್ಟರ್ ಮೂಲಕ ಕ್ಯಾನನ್ ಟಿಎಸ್-ಇ 24 ಎಂಎಂ ಎರಡನೇ ಆವೃತ್ತಿಯ ಟಿಲ್ಟ್-ಶಿಫ್ಟ್ ಲೆನ್ಸ್ ಹಾಕಿ ಹಂಪಿಯ ವಿರೂಪಾಕ್ಷ ದೇವಾಲಯದ ಗೋಪುರವನ್ನು ಸೆರೆಹಿಡಿಯುತ್ತಿದ್ದೇನೆ. ಶಿಫ್ಟ್ (ಲೆನ್ಸನ್ನು ಸೆನ್ಸರಿಗೆ ಸಮಾಂತರವಾಗಿ ಸರಿಸುವುದು) 12 ಮಿ.ಮೀ. ತಲುಪಿದಾಗ ಚಿತ್ರದ ಮೇಲಿನ ಮೂಲೆಗಳು ಕಪ್ಪಾಗುತ್ತವೆ. ದೋಷ ಲೆನ್ಸಿನದೋ, ಅಡಾಪ್ಟರಿನದೋ? ಫ್ಯೂಜಿಯದೇ 30 ಎಂಎಂ ಟಿಲ್ಟ್-ಶಿಫ್ಟ್ ಲೆನ್ಸ್ ಕೊಳ್ಳಬೇಕೇ?

ಉತ್ತರ: ದೋಷ ಎರಡರದೂ ಅಲ್ಲ. ಲೆನ್ಸಿನ ಮೇಲೆ ಕೊರೆದಿರುವ 12 ಮಿ.ಮೀ. ಎಂಬ ಮಿತಿ 36×24 ಮಿ.ಮೀ. ಅಳತೆಯ ಫುಲ್ ಫ್ರೇಮ್ ಸೆನ್ಸರನ್ನು ಲೆಕ್ಕದಲ್ಲಿಟ್ಟುಕೊಂಡು ನಿಗದಿಯಾದದ್ದು. ಈ ಲೆನ್ಸ್ ಮೂಡಿಸುವ ದುಂಡನೆಯ ಬಿಂಬದ, ಅಂದರೆ ಇಮೇಜ್ ಸರ್ಕಲ್‌ನ ವ್ಯಾಸ 67.2 ಮಿ.ಮೀ.; ಫುಲ್ ಫ್ರೇಮ್ ಸೆನ್ಸರಿನ ಕರ್ಣ ಸುಮಾರು 43.3 ಮಿ.ಮೀ. ಆದ್ದರಿಂದ ಅಲ್ಲಿ ಸುತ್ತಲೂ ಧಾರಾಳವಾಗಿ ಜಾಗ ಉಳಿಯುತ್ತದೆ. ನಿಮ್ಮ ಸೆನ್ಸರ್ 43.8×32.9 ಮಿ.ಮೀ. ಇದ್ದು, ಅದರ ಕರ್ಣವೇ 54.8 ಮಿ.ಮೀ.

ಪೈಥಾಗೊರಸ್ ಪ್ರಮೇಯದಿಂದ ಲೆಕ್ಕ ಹಾಕಿದರೆ, ಕ್ಯಾಮೆರಾವನ್ನು ಅಡ್ಡವಾಗಿ ಹಿಡಿದಾಗ ಮೇಲಕ್ಕೆ ಸುಮಾರು 9 ಮಿ.ಮೀ., ಲಂಬವಾಗಿ ಹಿಡಿದಾಗ ಸುಮಾರು 7.4 ಮಿ.ಮೀ. ಶಿಫ್ಟ್ ಮಾತ್ರ ಸಿಗುತ್ತದೆ. ಇಲ್ಲಿ ಅನೇಕರು ಕಡೆಗಣಿಸುವ ಒಂದು ಅಂಶವಿದೆ: ಲಂಬ ಚೌಕಟ್ಟಿನಲ್ಲಿ ಶಿಫ್ಟ್ ಕಡಿಮೆಯಾದರೂ ತಲುಪುವ ಎತ್ತರ ಹೆಚ್ಚು. ಸುಮಾರು 50 ಮೀಟರ್ ಎತ್ತರದ ಆ ಗೋಪುರದಿಂದ 50 ಮೀಟರ್ ದೂರದಲ್ಲಿ, ಕ್ಯಾಮೆರಾವನ್ನು ಸಮತಟ್ಟಾಗಿಟ್ಟು ಅಡ್ಡ ಚೌಕಟ್ಟಿನಲ್ಲಿ ತೆಗೆದರೆ, ಶಿಫ್ಟ್ ಇಲ್ಲದೆ ಕ್ಯಾಮೆರಾ ಮಟ್ಟದಿಂದ 34 ಮೀಟರ್‌ವರೆಗೆ ಕಾಣುತ್ತದೆ, 9 ಮಿ.ಮೀ. ಶಿಫ್ಟ್ ಮಾಡಿದರೆ 53 ಮೀಟರ್ ಸಿಕ್ಕಿ ಕಲಶದ ಮೇಲೆ ತುಸುವೇ ಆಕಾಶ ಉಳಿಯುತ್ತದೆ. ಲಂಬ ಚೌಕಟ್ಟಿನಲ್ಲಾದರೋ 7.4 ಮಿ.ಮೀ. ಶಿಫ್ಟ್‌ಗೇ 61 ಮೀಟರ್ ದೊರೆಯುತ್ತದೆ. ಆದ್ದರಿಂದ ಗೋಪುರಕ್ಕೆ ಲಂಬ ಚೌಕಟ್ಟನ್ನೇ ನಾನು ಸೂಚಿಸುತ್ತೇನೆ.

ಇಮೇಜ್ ಸರ್ಕಲ್‌ನ ಅಂಚಿಗೆ ಹೋದಂತೆ ಬೆಳಕೂ ಸ್ಪಷ್ಟತೆಯೂ ಕ್ರಮೇಣ ಕುಗ್ಗುವುದರಿಂದ ಈ ಅಂಕಿಗಳಿಗಿಂತ ಒಂದು ಮಿಲಿಮೀಟರ್ ಹಿಂದೆಯೇ ನಿಲ್ಲಿ. ಅಪರ್ಚರ್ ಎಫ್/11ರ ಆಸುಪಾಸಿನಲ್ಲಿರಲಿ. ದಪ್ಪ ಚೌಕಟ್ಟಿನ ಫಿಲ್ಟರನ್ನು ತೆಗೆದುಬಿಡಿ, ಅದೂ ಮೂಲೆಗಳನ್ನು ಕತ್ತರಿಸಬಲ್ಲದು.

ಫ್ಯೂಜಿಯ 30 ಎಂಎಂ ಲೆನ್ಸಿನ ಇಮೇಜ್ ಸರ್ಕಲ್ 85 ಮಿ.ಮೀ.; ಅದರ ಪೂರ್ತಿ 15 ಮಿ.ಮೀ. ಶಿಫ್ಟನ್ನು ಎರಡೂ ಚೌಕಟ್ಟುಗಳಲ್ಲಿ ನಿಶ್ಚಿಂತೆಯಿಂದ ಬಳಸಬಹುದು, ಮೂಲೆಗಳಲ್ಲಿ ಸ್ಪಷ್ಟತೆಗೆ ಅವಕಾಶವೂ ಹೆಚ್ಚು. ಆದರೆ ಫೋಕಲ್ ಲೆಂಗ್ತ್ ಹೆಚ್ಚಿರುವುದರಿಂದ ಅದೇ ದೂರದಲ್ಲಿ ಲಂಬ ಚೌಕಟ್ಟು ತಲುಪುವ ಎತ್ತರ 61.5 ಮೀಟರ್ ಮಾತ್ರ, ಅಗಲವೋ 68.5 ಮೀಟರ್‌ನಿಂದ 55ಕ್ಕೆ ಇಳಿಯುತ್ತದೆ. ಕೇವಲ ಎತ್ತರಕ್ಕಾಗಿ ಅದನ್ನು ಕೊಳ್ಳುವ ಅಗತ್ಯವಿಲ್ಲ.